ದಾರವೆಂಬ ಒಂದೇ ಪದ

ನಮ್ಮೂರಿನಲ್ಲಿ ಶುಕ್ರವಾರ ಸಂಜೆ ಯಾರೂ ಒಲೆಯ ಮೇಲೆ ಎಣ್ಣೆ ಇಡುವುದಿಲ್ಲ. ಸೈರನ್ ಕೂಗುವ ಮೊದಲೇ ಬಸ್ಸುಗಳು ಹುಣಿಸೆ ಮರದ ಕೆಳಗೆ ಬಂದು ನಿಲ್ಲುತ್ತವೆ. ಕ್ಷೌರದ ಅಂಗಡಿಯವರು ಗಿರಾಕಿಯ ಮುಖದ ನೊರೆಯನ್ನು ಹಾಗೇ ಬಿಟ್ಟು ಕತ್ತಿ ಮಡಚಿ ಪಕ್ಕದಲ್ಲಿ ಕೂರುತ್ತಾರೆ. ತಾಯಂದಿರು ಕೂಸುಗಳನ್ನು ಚಾಪೆಯ ಮೇಲೆ ಮಲಗಿಸಿ ಸುತ್ತ ದಿಂಬು ಜೋಡಿಸುತ್ತಾರೆ. ಆಮೇಲೆ ಸಹಾಯ ಕಚೇರಿಯಲ್ಲಿ ಆ ವಾರದ ಬಿಲ್ಡ್, ಅಂದರೆ ಸಹಾಯ ಕಡತವನ್ನು ಹೊಸದಾಗಿ ಕಟ್ಟುವುದು, ಶುರುವಾಗುತ್ತದೆ. ಅಕ್ಕಿ ಬೆಂದು ಅನ್ನವಾಗುವಷ್ಟು ಹೊತ್ತು ಊರಿನ ಎಲ್ಲರ ಕೈಗಳೂ ಖಾಲಿ. ಒಂದು ಲೋಟ ಹಿಡಿಯಲಾರವು, ಕಣ್ಣಿಗೆ ಬಿದ್ದ ಕಸ ಒರೆಸಲಾರವು. ಬಿಲ್ಡ್ ಮುಗಿದ ಸೈರನ್ ಕೇಳಿದ ಮೇಲೆ ಜನ ಬೆರಳು ಮಡಚಿ ಬಿಡಿಸಿ ನೋಡಿಕೊಳ್ಳುತ್ತಾರೆ. ಒಬ್ಬರನ್ನೊಬ್ಬರು ‘ಕೈ ಬಂತಾ?’ ಎಂದು ಕೇಳುತ್ತಾರೆ.

ಹೇಗೆ ಮಾಡಬೇಕೆಂದು ಸಹಾಯ ಕಡತದ ಪುಟದಲ್ಲಿ ಬರೆದ ಕೆಲಸ ನಮ್ಮ ಕೈಗೆ ಬರುತ್ತದೆ, ಬರೆಯದ್ದು ಬರುವುದಿಲ್ಲ. ಹೀಗೇಕೆ ಎಂದು ನಾವು ಯಾರೂ ಕೇಳಿಕೊಂಡವರಲ್ಲ. ಒಂದು ಮಳೆಗಾಲ ಬೇರೆ ಪುಟಗಳಿಂದ ಕೊಡೆ ಮಡಚುವ ಪುಟಕ್ಕೆ ಹೋಗುವ ಕೊಂಡಿ ಮುರಿದುಹೋಗಿತ್ತು. ಯಾವ ಕೊಂಡಿಯೂ ಮುಟ್ಟದ ಪುಟವನ್ನು ನಾವು ಅನಾಥ ಪುಟ ಎನ್ನುತ್ತೇವೆ; ಅದು ಬಿಲ್ಡಿನಲ್ಲಿ ಸೇರುವುದಿಲ್ಲ. ಮುಂದಿನ ಶುಕ್ರವಾರದ ತನಕ ಜನ ಬಿಚ್ಚಿದ ಕೊಡೆ ಹಿಡಿದೇ ಬಸ್ಸು ಹತ್ತಿದರು, ಬಿಚ್ಚಿದ ಕೊಡೆಗಳ ನಡುವೆಯೇ ಒಂದು ಮದುವೆಯ ಧಾರೆ ನಡೆಯಿತು. ಬೈಯುವವರು ಬೈದರು, ನಗುವವರು ನಕ್ಕರು.

ನಾನು ಆ ಕಚೇರಿಯ ಪದ ವಿಭಾಗದಲ್ಲಿದ್ದೇನೆ. ಪುಟ ಬರೆಯುವವರು ಬೇರೆ. ಒಂದು ಪುಟದಲ್ಲಿ ಚಿಲಕ ಎಂದಿದ್ದದ್ದು ಇನ್ನೊಂದರಲ್ಲಿ ಅಗುಳಿ ಎಂದಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಎರಡು ಹೆಸರಿದ್ದರೆ ಕೈ ಬಾಗಿಲ ಮುಂದೆ ಅನುಮಾನಿಸುತ್ತ ನಿಂತುಬಿಡುತ್ತದೆ. ಕಡತ ಕಟ್ಟುವ ಹಳೆಯ ಯಂತ್ರ ನಾವು ಕೊಟ್ಟ ಪುಟಗಳನ್ನು ಪೋಣಿಸುತ್ತಿತ್ತು, ಅಷ್ಟೇ. ಅದು ಕೆಟ್ಟು ಹೊಸದು ಬಂದಾಗ ಮುಖ್ಯಸ್ಥರಾದ ಶ್ರೀಕಂಠಯ್ಯನವರು ಅದಕ್ಕೆ ಹೂವು ಏರಿಸಿ ಕರ್ಪೂರ ಹಚ್ಚಿದರು. ಹೊಸ ಯಂತ್ರಕ್ಕೆ ಬುದ್ಧಿ ಜಾಸ್ತಿ. ಒಂದೇ ಜಾತಿಯ ಪದಗಳನ್ನು ತಾನೇ ಗುರುತಿಸಿ, ಅವುಗಳಲ್ಲಿ ಒಂದನ್ನು ಇಟ್ಟುಕೊಂಡು ಮಿಕ್ಕವನ್ನು ಅಳಿಸುತ್ತಿತ್ತು.

ಮೊದಲ ಬಿಲ್ಡ್ ಆದ ಮರುದಿನ ಹಾಲಿನ ಸಿದ್ಧಲಿಂಗಪ್ಪ ಎಮ್ಮೆಯನ್ನು ಹೊಲಿಗೆಯ ದಾರದಿಂದ ಗೂಟಕ್ಕೆ ಕಟ್ಟಿದ. ಎಮ್ಮೆ ಕತ್ತು ಕೊಡವಿದ್ದೇ ತಡ, ದಾರ ತುಂಡಾಗಿ ಅದು ಯಾರದೋ ಬದನೆ ಪಾತಿಗೆ ನುಗ್ಗಿತು. ಕೆಳಗಿನ ಬೀದಿಯಲ್ಲಿ ಇಬ್ಬರು ಹೆಂಗಸರು ಕೊಡದ ಕತ್ತಿಗೆ ಸೂಜಿದಾರ ಬಿಗಿದು ಬಾವಿಗೆ ಬಿಟ್ಟು, ಕೊಡ ಮುಳುಗಿದ ಸದ್ದು ಕೇಳಿ ಮುಖಮುಖ ನೋಡಿಕೊಂಡರಂತೆ. ನಾನು ಕಚೇರಿಗೆ ಹೋಗಿ ಕಡತ ತೆರೆದೆ. ಹಗ್ಗ, ಹುರಿ, ನೂಲು, ಬಳ್ಳಿ ಎಲ್ಲವೂ ಹೋಗಿದ್ದವು. ಎಲ್ಲಿ ನೋಡಿದರೂ ದಾರ. ಅವರೆಯನ್ನು ಚಪ್ಪರಕ್ಕೆ ಹಬ್ಬಿಸುವ ಪುಟದಲ್ಲೂ ದಾರವೇ.

ನಾನು ನಕ್ಕೆನೋ ಏನೋ. ನಗು ನಿಂತದ್ದು ಕುರಿಮಂದೆಯ ಮಲ್ಲಪ್ಪ ಕಚೇರಿಗೆ ಬಂದಾಗ. ಅವನ ಮೇಕೆ ಮರಿ ಹಾಕಿತ್ತು. ಮರಿಯ ಹೊಕ್ಕುಳಬಳ್ಳಿ ಕತ್ತರಿಸಲು ಅವನು ಕೂತಿದ್ದ.

“ಕೂತ್ಕಂಡೆ ಕಣಕ್ಕ. ಕೈ ದಾರ ತಗಂತು, ಇನ್ನೊಂದ್ ದಾರಕ್ಕೆ ಕಟ್ತು, ಕತ್ತರಿಸ್ತು. ಮತ್ತೆ ತಗಂತು, ಕಟ್ತು, ಕತ್ತರಿಸ್ತು. ನಾನು ನಿಲ್ಸು ಅಂದ್ರೂ ನಿಲ್ಲಲಿಲ್ಲ. ಉಂಡೆ ಖಾಲಿ ಆಗೋಗಂಟ ಅದೇ ಕೆಲ್ಸ. ಮರಿ ಕಡೀಗೆ ಅಲ್ಲೇ ಒದ್ದಾಡ್ತಾ ಬಿದ್ದಿತ್ತು.”

“ಮರಿ ಉಳೀತಾ?”

“ಉಳೀತು. ಬಳ್ಳೀನ ತಾಯೇ ಕಡ್ಕಂತು. ಮೇಕೆಗೆ ನಿಮ್ಮ ಪುಟ ಗಿಟ ಬೇಕಾಗಿಲ್ವಲ್ಲ.”

ಅವನು ತನ್ನ ಎರಡೂ ಕೈಗಳನ್ನು ನನ್ನ ಮೇಜಿನ ಮೇಲೆ ಇಟ್ಟು, ಬೇರೆಯವರ ಕೈ ನೋಡುವ ಹಾಗೆ ನೋಡುತ್ತಿದ್ದ. ನಾನು ಹೆರಿಗೆಯ ಪುಟ ತೆರೆದೆ. ‘ಕೂಸಿನ ಕೊರಳಿಗೆ ದಾರ ಸುತ್ತಿದ್ದರೆ ದಾರವನ್ನು ಸಡಿಲಿಸಿ. ದಾರವನ್ನು ದಾರದಿಂದ ಕಟ್ಟಿ. ದಾರವನ್ನು ಕತ್ತರಿಸಿ.’ ನನ್ನ ತಂಗಿ ಸರಸಿ ತುಂಬಿದ ಬಸುರಿ. ಎರಡು ಸಲ ಮಗು ನಿಲ್ಲದೆ ಹೋಗಿ, ಇದು ನಿಂತಿತ್ತು. ಬಾಣಂತನಕ್ಕೆಂದು ನಮ್ಮ ಮನೆಗೇ ಬಂದಿದ್ದಳು.

ನಾನು ಆಗಲೇ ಮೂಲ ಪುಟ ತಿದ್ದಿದೆ. ಬಳ್ಳಿ ಬಳ್ಳಿಯಾಯಿತು, ದಾರ ದಾರವಾಯಿತು. ಈ ಪದಗಳನ್ನು ಮುಟ್ಟಕೂಡದೆಂದು ಯಂತ್ರಕ್ಕೆ ಗುರುತು ಹಾಕಿದೆ. ಆದರೆ ತಿದ್ದಿದ ಪುಟ ಬಿಲ್ಡ್ ಆಗುವ ತನಕ ಬರೀ ಅಕ್ಷರ. ಯಾರ ಕೈಗೂ ಅದು ಇಳಿಯುವುದಿಲ್ಲ. ಶ್ರೀಕಂಠಯ್ಯನವರ ಕೋಣೆಗೆ ಹೋಗಿ ಈಗಲೇ ಒಂದು ಬಿಲ್ಡ್ ಮಾಡಿಸಿ ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. ಒಳ್ಳೆಯ ಮನುಷ್ಯ, ಹೆದರಿಕೆಯ ಮನುಷ್ಯ. “ಅಂಬುಜಾಕ್ಷಿಯವ್ರೇ, ಹಳೇ ಯಂತ್ರ ಆಗಿದ್ರೆ ಬಿಲ್ಡಿಗೆ ಸೇರಿರೋ ಆ ಒಂದು ಪುಟ ಮಾತ್ರ ಬದಲಾಯಿಸ್ಬಹುದಿತ್ತು. ಇದು ಕಟ್ಟಿದ್ರೆ ಪೂರ್ತಿ ಕಟ್ಟುತ್ತೆ. ವಾರದ ಮಧ್ಯೆ ಊರಿನವರ ಕೈ ಎಲ್ಲೆಲ್ಲಿರುತ್ತೆ ಅಂತ ಯೋಚನೆ ಮಾಡಿ. ಘಾಟಿಲಿ ಬಸ್ಸು ಇರುತ್ತೆ. ಮರದ ಮೇಲೆ ಜನ ಇರ್ತಾರೆ. ಯಾರ ಕೈಲಿ ಕೂಸಿರುತ್ತೋ, ಯಾರ ಕೈಲಿ ಕುದಿಯೋ ಪಾತ್ರೆ ಇರುತ್ತೋ.”

“ಸೈರನ್ ಕೂಗ್ಸಿ ಮಾಡ್ಬಹುದಲ್ಲ ಸಾರ್.”

“ಶುಕ್ರವಾರ ಅಲ್ದೇ ಇರೋ ದಿನ ಸೈರನ್ ಕೂಗಿದ್ರೆ ಬೆಂಕಿ ಬಿತ್ತು ಅಂತ ಬಿಂದಿಗೆ ಹಿಡ್ಕೊಂಡು ಓಡ್ತಾರೆ, ಕೂರಲ್ಲ. ನಿಮ್ಮ ತಂಗೀಗೆ ದಿನ ತುಂಬಿದ್ಯಾ?”

“ಇನ್ನೂ ಸ್ವಲ್ಪ ದಿನ ಇದೆ ಅಂತಾರೆ.”

“ಹಾಗಾದ್ರೆ ಶುಕ್ರವಾರದ ತನಕ ದೇವರ ಮೇಲೆ ಭಾರ ಹಾಕಿ.” ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು.

ಮನೆಯಲ್ಲಿ ಸರಸಿಗೆ ಏನೂ ಹೇಳಲಿಲ್ಲ. ಅವಳು ಸುಮ್ಮನೆ ಸೊಂಟ ಒತ್ತಿಕೊಂಡರೂ ನಾನು ‘ಏನಾಯ್ತು’ ಎನ್ನುತ್ತಿದ್ದೆ. “ನಿಂಗೇನಾಗಿದೆ ಅಕ್ಕ, ಹೆರೋಳು ನಾನೋ ನೀನೋ?” ಎಂದು ಅವಳು ರೇಗಿದಳು. ಅವಳ ಗಂಡ ಬೋರಲಿಂಗು ಮಾತ್ರ ನನ್ನ ಮುಖ ನೋಡಿ ಏನೋ ಇದೆಯೆಂದು ತಿಳಿದು, ಹಿತ್ತಲಿಗೆ ಕರೆದು ಕೇಳಿದ. ಹೇಳಿದೆ. ನೀರಿನ ವ್ಯಾನು ಓಡಿಸುವ ಆಳು, ಗಟ್ಟಿಗ. ಕೇಳುತ್ತ ಕೇಳುತ್ತ ಬಾವಿಕಟ್ಟೆಯ ಮೇಲೆ ಕೂತುಬಿಟ್ಟ.

ಗುರುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದ ಸರಸಿ ಎಲೆಯ ಮುಂದಿನಿಂದ ಏಳಲು ಹೋಗಿ ಗೋಡೆ ಹಿಡಿದಳು. ಕಾಲ ಬುಡದಲ್ಲಿ ನೀರು. ನಾನು ಎದುರು ಸಾಲಿನ ಸೂಲಗಿತ್ತಿ ನಂಜವ್ವನನ್ನು ಕೂಗಿ ಕರೆದೆ. ಬೋರಲಿಂಗು ಕೈ ಸಹ ತೊಳೆಯದೆ ನಿಂತಿದ್ದ.

“ಅತ್ತಿಗೆ, ನಾನು ಕಚೇರಿಗೆ ಹೋಯ್ತೀನಿ. ಆ ಅಯ್ಯನ ಕಾಲಾದ್ರೂ ಹಿಡಿದು ಬಿಲ್ಡ್ ಮಾಡಿಸ್ತೀನಿ.”

“ಹೋಗಪ್ಪ. ಆದ್ರೆ ಸೈರನ್ ಕೂಗಿದ ಮೇಲೆ ವ್ಯಾನ್ ಹತ್ಬೇಡ. ಅಲ್ಲೇ ಕೂತಿರು, ನನ್ನ ಮೇಲಾಣೆ.”

ಅವನು ಹೋದ. ನಂಜವ್ವ ಬಂದು ಸೀರೆ ಎತ್ತಿ ಕಟ್ಟಿ, ಬಿಸಿನೀರಿಗೆ ಹೇಳಿ, ಸರಸಿಯ ಹೊಟ್ಟೆ ಸವರಿದಳು. ಅಲ್ಲಿಯವರೆಗೆ ಅವಳ ಕೈಗಳಿಗೆ ಎಲ್ಲ ಗೊತ್ತಿತ್ತು. ನಾನು ಅವಳನ್ನು ಬಾಗಿಲ ಬಳಿ ಎಳೆದು ದಾರದ ಸಂಗತಿ ಪಿಸುಗುಟ್ಟಿದೆ. ಅವಳು ಮಲ್ಲಪ್ಪನ ಮೇಕೆಯ ಕಥೆ ಕೇಳಿದ್ದಳು.

“ಗೊತ್ತು ಕಣವ್ವ. ಅದ್ಕೇ ಈ ವಾರ ಯಾರೂ ಕರೀದೇ ಇರ್ಲಿ ಅಂತ ಅಂದ್ಕತಿದ್ದೆ. ಕೂಸು ಆಚೀಗೆ ಬರೋಗಂಟ ನನ್ನ ಕೈ ಸರಿ ಇರ್ತದೆ. ಕೊರಳಿಗೇನಾರ ಬಳ್ಳಿ ಸುತ್ಕಂಡಿದ್ರೆ ಅಲ್ಲಿಂದಾಚೆ ನನ್ನ ಕೈ ನನ್ನ ಮಾತು ಕೇಳಾಕಿಲ್ಲ. ನೀನು ಪಕ್ಕದಲ್ಲೇ ಇರು. ನನ್ನ ಕೈ ದಾರದ ಉಂಡೆ ಕಡೀಕೆ ಹೋದ್ರೆ ಹಿಡ್ಕಂಬುಡು.”

“ನನ್ನ ಕೈಗೂ ಅದೇ ಪುಟ ಅಲ್ವೇ ನಂಜವ್ವ?”

ನಾನು ಮನೆಯಲ್ಲಿದ್ದ ದಾರ, ಹಗ್ಗ, ಲಾಡಿ ಎಲ್ಲವನ್ನೂ ಬಾಚಿ ಹಿತ್ತಲಿಗೆ ಎಸೆದೆ. ಕೈಗೆ ಸಿಗದಿದ್ದರೆ ಏನಾದರೂ ಆದೀತು ಎಂಬ ಆಸೆ. ಬಾಗಿಲು ಹಾಕಿ ಬಂದು ಕೂತರೂ ಕಿವಿಯೆಲ್ಲ ಸೈರನ್ನಿನ ಕಡೆಗೇ ಇತ್ತು. ಬೇಗ ಕೂಗಲಿ, ಬೇಗ ಮುಗಿಯಲಿ, ನಂಜವ್ವನ ಕೈಗೆ ಬಳ್ಳಿ ಬರಲಿ. ಹೊತ್ತು ಹೋಗುತ್ತಿತ್ತು. ಸರಸಿಯ ನೋವು ಒಂದರ ಹಿಂದೆ ಒಂದು ಬರತೊಡಗಿತು. ಅವಳು ಮಂಚದ ಕಾಲು ಹಿಡಿದು ಹಲ್ಲು ಕಚ್ಚಿದ್ದಳು. ಸೈರನ್ ಇಲ್ಲ. ಮಾಡುವುದಿಲ್ಲವೇನೋ ಎಂದುಕೊಂಡೆ. ಆಮೇಲೆ ನೋವಿನ ನಡುವೆ ಬಿಡುವೇ ಇಲ್ಲದಂತಾದಾಗ, ಈಗ ಕೂಗಿ ನಂಜವ್ವನ ಕೈಯೇ ಖಾಲಿಯಾದರೆ ಗತಿಯೇನು ಎಂಬ ಹೊಸ ಭಯ ಹುಟ್ಟಿತು. ಅಲ್ಲಿಯವರೆಗೆ ನನಗೆ ಇದು ಹೊಳೆದೇ ಇರಲಿಲ್ಲ.

“ತಲೆ ಕಾಣ್ತಾ ಅದೆ,” ಎಂದಳು ನಂಜವ್ವ. ಆಗ ಸೈರನ್ ಕೂಗಿತು.

ಶ್ರೀಕಂಠಯ್ಯನವರು ಒಪ್ಪಿದ್ದರು. ಜನ ಹೆದರದಿರಲೆಂದು ಆಳು ಕಳಿಸಿ ಬೀದಿ ಬೀದಿಯಲ್ಲಿ ತಮಟೆ ಹೊಡೆಸಿದ್ದರಂತೆ, ತಡವಾದದ್ದು ಅದಕ್ಕೇ. ನಮ್ಮ ಬೀದಿಗೆ ಆ ತಮಟೆ ಆಗಷ್ಟೇ ಬರುತ್ತಿತ್ತು. ‘ಕೈಲಿರೋದನ್ನ ಕೆಳಗಿಡ್ರಪ್ಪೋ, ಬಿಲ್ಡ್ ಆಗ್ತದೆ, ಕೆಳಗಿಡ್ರಪ್ಪೋ.’ ಹೊರಗೆ ಪಾತ್ರೆಗಳನ್ನು ಇಳಿಸುವ ಸದ್ದು, ಬಾಗಿಲು ಹಾಕುವ ಸದ್ದು. ನಂಜವ್ವ ನನ್ನನ್ನು ನೋಡಿದಳು. ಅವಳ ಕೈಯಲ್ಲಿದ್ದದ್ದನ್ನು ಕೆಳಗಿಡುವ ಹಾಗಿರಲಿಲ್ಲ.

“ನೂಕವ್ವ ಸರಸವ್ವ, ಈಗ್ಲೇ ನೂಕು, ತಡ ಮಾಡ್ಬ್ಯಾಡ.”

ಸರಸಿ ನೂಕಿದಳು. ತಲೆ ಹೊರಗೆ ಬಂತು. ಕೊರಳಿಗೆ ನೀಲಿಗಟ್ಟಿದ ಬಳ್ಳಿ ಸುತ್ತಿಕೊಂಡಿತ್ತು. ಅದೇ ಕ್ಷಣ ಮಂಚದ ಕಾಲು ಹಿಡಿದಿದ್ದ ಸರಸಿಯ ಬೆರಳುಗಳು ಸಡಿಲಾದವು. ನಂಜವ್ವನ ಕೈಗಳು ಮೊಣಕೈಯಿಂದ ಕೆಳಕ್ಕೆ ಹಣ್ಣೆಲೆಯ ಹಾಗೆ ಜೋತುಬಿದ್ದವು. ನನ್ನವೂ. ಬೀದಿಯ ತಮಟೆ ಅರ್ಧ ಪೆಟ್ಟಿಗೆ ನಿಂತಿತು. ಊರು ಪೂರ್ತಿ ಸ್ತಬ್ಧ. ಆ ಮೌನದಲ್ಲಿ ಸರಸಿಯ ಏದುಸಿರು ಮಾತ್ರ ಕೇಳುತ್ತಿತ್ತು.

“ಅಕ್ಕ, ಏನಾಯ್ತು? ಯಾಕೆ ಸುಮ್ನಾದ್ರಿ?”

ನಂಜವ್ವ ಮೊಣಕೈಗಳನ್ನು ಜೋಡಿಸಿ ಕೂಸಿನ ತಲೆಯ ಕೆಳಗೆ ಕೊಟ್ಟಳು. ಕೂಸಿನ ಮುಖ ಕಪ್ಪಾಗುತ್ತಿತ್ತು. ಅನ್ನ ಬೇಯುವಷ್ಟು ಹೊತ್ತು ಇಲ್ಲ, ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಇಲ್ಲ ಎಂದು ನನಗೆ ಗೊತ್ತಾಯಿತು. ನಾನು ಬುದ್ಧಿಯಿಂದ ಏನನ್ನೋ ಮಾಡಿದೆನೆಂದು ಹೇಳಲಾರೆ. ಬಗ್ಗಿದೆ. ಮುಖವನ್ನು ತಂಗಿಯ ತೊಡೆಗಳ ನಡುವೆ ಇಳಿಸಿದೆ. ಕಣ್ಣಿಗೆ ರಕ್ತ ಹತ್ತಿತು. ಬಳ್ಳಿ ತುಟಿಗೆ ತಾಗಿದಾಗ ಅದರೊಳಗೆ ನಾಡಿ ಹೊಡೆದುಕೊಳ್ಳುತ್ತಿತ್ತು. ಹಲ್ಲು ನಾಟಿದರೆ ಮುಗಿಯಿತು. ಹಲ್ಲಿನ ಮೇಲೆ ತುಟಿ ಮಡಚಿ, ಬಳ್ಳಿಯನ್ನು ಕಚ್ಚದೆ ಕಚ್ಚಿ, ಮೇಲಕ್ಕೆ ಎತ್ತಿದೆ. ಜಾರಿತು. ಮತ್ತೆ ಹಿಡಿದೆ. ಜಾರಿತು. ನಂಜವ್ವ ದೇವರ ಹೆಸರು ಹೇಳುತ್ತಿದ್ದಳು, ಯಾವ ದೇವರೋ ತಿಳಿಯಲಿಲ್ಲ. ಮೂಗಿನಿಂದ ಬಳ್ಳಿಯನ್ನು ಒತ್ತಿ ಸಡಿಲ ಮಾಡಿ, ಮತ್ತೆ ತುಟಿಯಲ್ಲಿ ಹಿಡಿದು, ಕೂಸಿನ ಹಿಂದಲೆಯ ಮೇಲಿಂದ ಹಣೆಯ ಕಡೆಗೆ ಎಳೆದೆ. ಸುತ್ತು ಕಳಚಿ ಬಂತು.

“ನೂಕು ಸರಸಿ,” ಎಂದೆ, ಬಾಯಲ್ಲಿದ್ದದ್ದನ್ನು ಉಗಿದು.

ಕೂಸು ಜಾರಿ ನಂಜವ್ವನ ಮೊಣಕೈಗಳ ನಡುವೆ, ಅಲ್ಲಿಂದ ನನ್ನ ಮಡಿಲಿಗೆ ಬಂತು. ಹೆಣ್ಣು. ಅಳಲಿಲ್ಲ. ಬೆನ್ನು ತಟ್ಟಲು ನಮ್ಮಿಬ್ಬರಿಗೂ ಕೈಯಿಲ್ಲ. ನಂಜವ್ವ ಬಗ್ಗಿ ಅದರ ಮೂಗಿಗೆ ಬಾಯಿಟ್ಟು ಎಳೆದು ಉಗುಳಿದಳು. ಗಲ್ಲದಿಂದ ಬೆನ್ನನ್ನು ಉಜ್ಜಿದಳು, ಉಜ್ಜುತ್ತಲೇ ಇದ್ದಳು. ಕೊನೆಗೆ ಕೂಸು ಒಂದು ಸಲ ಬಿಕ್ಕಿತು, ಆಮೇಲೆ ಕೀರಲು ದನಿ ತೆಗೆಯಿತು. ಕೈಗಳಿಲ್ಲದ ಊರಿನಲ್ಲಿ ಆ ಅಳು ಎಷ್ಟು ದೂರ ಹೋಯಿತೆಂದರೆ, ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದ ಬೋರಲಿಂಗುಗೂ ಕೇಳಿಸಿತಂತೆ.

ಬಿಲ್ಡ್ ಮುಗಿಯುವ ತನಕ ನಾವು ಮೂವರೂ ಹಾಗೇ ಇದ್ದೆವು. ಸೈರನ್ ಕೂಗಿದಾಗ ನಂಜವ್ವನ ಕೈ ಎದ್ದಿತು. ಅದು ಎತ್ತ ಹೋಗುತ್ತದೆಂದು ನೋಡಿದೆ. ಬಳ್ಳಿಯನ್ನು ಹಿಡಿಯಿತು. “ಬಂತು ಕಣವ್ವ,” ಎಂದು ಅವಳು ಅಳತೊಡಗಿದಳು. ನಾನು ಹಿತ್ತಲಿಗೆ ಓಡಿ, ಎಸೆದಿದ್ದ ದಾರವನ್ನು ಹುಡುಕಿ ತಂದು ಕುದಿಯುವ ನೀರಿಗೆ ಹಾಕಿದೆ.

ಆ ಬಿಲ್ಡಿನಲ್ಲಿ ಬೋಂಡದ ಅಂಗಡಿಯ ಮಾದಯ್ಯನ ಮೊಣಕೈ ಬೆಂದಿತು. ತಮಟೆ ಕೇಳಿಸದ ಒಬ್ಬ ಮುದುಕ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಊರು ಕೆಲವು ದಿನ ನಮ್ಮ ಮನೆಯವರನ್ನು ಮಾತಾಡಿಸಲಿಲ್ಲ, ಆಮೇಲೆ ಮಾತಾಡಿಸಿತು. ಕೂಸಿಗೆ ನಮ್ಮ ಅಜ್ಜಿಯ ಹೆಸರಿಟ್ಟು ಹೊನ್ನಿ ಎಂದು ಕರೆದೆವು. ಸರಸಿ ತಿಂಗಳು ತುಂಬಿದ ಮೇಲೂ ತನ್ನ ಮನೆಗೆ ಹೋಗಲಿಲ್ಲ. ಬೋರಲಿಂಗುವೇ ಇಲ್ಲಿಗೆ ಬಂದು ಉಳಿದ.

ಹೊನ್ನಿ ಬೋರಲು ಬೀಳುವುದನ್ನು ಕಲಿತ ಹೊಸದರಲ್ಲಿ, ಒಂದು ಶುಕ್ರವಾರ ಸಂಜೆ, ನಾವೆಲ್ಲ ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಾಗ ಸರಸಿ ಮೆಲ್ಲಗೆ, “ಅಕ್ಕ, ಅವಳ ಕೈ ನೋಡು,” ಎಂದಳು. ಬೇರೆ ಮನೆಗಳ ಕೂಸುಗಳ ಮುಷ್ಟಿ ಬಿಲ್ಡಿನ ಹೊತ್ತಿಗೆ ಸಡಿಲಾಗುತ್ತದೆ. ಹೊನ್ನಿ ದಿಂಬಿನ ಚೀಲದ ಮೂಲೆಯನ್ನು ಬಿಗಿಯಾಗಿ ಹಿಡಿದು ಬಾಯಿಗೆ ಎಳೆಯುತ್ತಿದ್ದಳು. ಬಿಲ್ಡಿನ ನಡುವೆ ಹುಟ್ಟಿದವಳ ಕೈ ಬಿಲ್ಡಿಗೆ ಸೇರಿರಲಿಲ್ಲ. ಮುಂದಿನ ಶುಕ್ರವಾರ ಕಿಟಕಿಗಳನ್ನು ಮೊದಲೇ ಮುಚ್ಚಿದೆವು. ಅದರ ಮುಂದಿನದಕ್ಕೂ.

ಮುಚ್ಚಿದ ಕಿಟಕಿಯೇ ಜನರಿಗೆ ಗುಟ್ಟು ಹೇಳಿತು. ಹೊನ್ನಿ ತಪ್ಪುಹೆಜ್ಜೆ ಇಡುವ ಹೊತ್ತಿಗೆ ಊರೆಲ್ಲ ಗೊತ್ತಾಗಿತ್ತು. ಒಂದು ಭಾನುವಾರ ಶ್ರೀಕಂಠಯ್ಯನವರು ಮನೆಗೆ ಬಂದು, ಕೊಟ್ಟ ಕಾಫಿಯನ್ನು ಆರಲು ಬಿಟ್ಟು ಕೂತರು.

“ಜನ ಹೆದರಿದಾರೆ. ಈಗೇನೋ ಮಗು. ನಾಳೆ ದೊಡ್ಡವಳಾಗ್ತಾಳೆ. ನಮ್ಮೆಲ್ಲರ ಕೈ ಬಿದ್ದಿರೋವಾಗ ಒಬ್ಬಳ ಕೈ ಮಾತ್ರ ಎದ್ದಿದ್ರೆ, ಯಾರ ಮನೆ ಬಾಗಿಲು ತೆಗೀತಾಳೋ, ಯಾರ ಕೊರಳು ಹಿಡೀತಾಳೋ ಅಂತ ಕೇಳ್ತಾರೆ. ನೀವು ಪದದವರು. ಅವಳ ಕೈಗೂ ಒಂದು ಪದ ಹುಡುಕಿ, ಒಂದು ಪುಟ ಬರೆದು ಬಿಲ್ಡಿಗೆ ಸೇರ್ಸಿಬಿಡಿ.”

“ಸೇರ್ಸಿದ್ರೆ ಏನಾಗುತ್ತೆ ಸಾರ್?”

“ನಮ್ಮ ಹಾಗಾಗ್ತಾಳೆ.” ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿ, “ಅದರಲ್ಲಿ ತಪ್ಪೇನು?” ಎಂದರು. ನಿಜವಾಗಿಯೂ ಕೇಳುತ್ತಿದ್ದರು. ನೋಡೋಣ ಎಂದು ಹೇಳಿ ಕಳಿಸಿದೆ. ಕಚೇರಿಯಲ್ಲಿ ಒಂದು ಹೊಸ ಪುಟ ತೆರೆದು ಅದಕ್ಕೆ ಹೆಸರು ಕೊಡದೆ ಹಾಗೇ ಇಟ್ಟಿದ್ದೇನೆ. ಯಾವ ಕೊಂಡಿಯನ್ನೂ ಅದಕ್ಕೆ ಜೋಡಿಸಿಲ್ಲ.

ಕಳೆದ ಶುಕ್ರವಾರ ಕೈ ಖಾಲಿಯಾದ ಮೇಲೆ ಹೊನ್ನಿ ಎದ್ದು, ಬಾಗಿಲ ಬಳಿ ತುದಿಗಾಲಲ್ಲಿ ನಿಂತು, ಚಿಲಕ ಸರಿಸಿದಳು. ಸರಸಿ ಕೂಗಲಿಲ್ಲ, ಕೂಗಿದರೆ ಬೆಚ್ಚಿ ಬಿದ್ದಾಳು ಎಂದು. ನಾವು ಮೂವರೂ ಎದ್ದು ಹಿಂದೆಯೇ ಹೋಗಿ ಜಗಲಿಯ ಮೇಲೆ ನಿಂತೆವು. ಹಿಡಿದುಕೊಳ್ಳಲು ಯಾರಿಗೂ ಕೈಯಿರಲಿಲ್ಲ. ಬೀದಿಯ ಎರಡೂ ಕಡೆ ಜನ ಜಗಲಿಗಳ ಮೇಲೆ ಸಾಲಾಗಿ ಕೂತಿದ್ದರು. ಹೊನ್ನಿ ಬೀದಿ ದಾಟಿ ನಂಜವ್ವನ ಮುಂದೆ ನಿಂತಳು. ಅವಳ ತೊಡೆಯ ಮೇಲಿದ್ದ ಕೈಯನ್ನು ಎತ್ತಿದಳು, ಬಿಟ್ಟಳು. ಕೈ ಧಪ್ಪೆಂದು ಬಿತ್ತು. ಅವಳಿಗೆ ನಗು ಬಂತು. ಪಕ್ಕದವನ ಕೈ ಎತ್ತಿದಳು, ಬಿಟ್ಟಳು. ಅವನ ಪಕ್ಕದವರದು. ತಮ್ಮ ಸರದಿ ಬರುವ ತನಕ ಒಬ್ಬೊಬ್ಬರೂ ಅವಳನ್ನೇ ನೋಡುತ್ತಿದ್ದರು, ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹಾಗೆ ಆ ಸಾಲು ಮುಗಿಸಿ ಈ ಸಾಲಿಗೆ ಬಂದಳು. ನಾನು ಜಗಲಿಯ ಮೇಲೆ ಕೂತೆ. ಅವಳು ನನ್ನ ಹತ್ತಿರ ಬಂದು, ಬೆವೆತ ಎರಡು ಪುಟ್ಟ ಕೈಗಳಿಂದ ನನ್ನ ಬಲಗೈ ಎತ್ತಿದಳು. ಬೀಳುತ್ತದೆಂದು ನಾನೂ ಕಣ್ಣು ಮುಚ್ಚಿದೆ. ಅವಳು ಬಿಡಲಿಲ್ಲ.